ಅರವತ್ತನಾಲ್ಕು ಬಿಟ್‌ನ ಮಡಿ

ಮುರಳೀಧರನಿಗೆ ದೇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ, ಮಡಿಯ ಮೇಲಂತೂ ಇಲ್ಲವೇ ಇಲ್ಲ. ಚೆನ್ನೈ ಪಕ್ಕದ ತಾಂಬರಂನ ಮಾವನ ಮನೆಗೆ ಹೋದಾಗಲೆಲ್ಲ ಅತ್ತೆ ಗೋದಾಬಾಯಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು "ಮುಟ್ಟಬ್ಯಾಡ್ರಿ, ಮಡೀಲೆ ಇದ್ದೀನಿ" ಎಂದರೆ ಇವನು ಹೆಂಡತಿ ಶಾಲಿನಿಯ ಕಡೆ ನೋಡಿ ಮೀಸೆಯಡಿಯಲ್ಲಿ ನಗುತ್ತಿದ್ದ. ಇಂಥ ಮಹಾನುಭಾವ 2006ರಲ್ಲಿ ಮಾವನ ಕಂಪ್ಯೂಟರಿಗೆ ಎಂಥ ಮಡಿ ಉಡಿಸಿದನೆಂದರೆ, ಗೋದಾಬಾಯಿಯ ಅತ್ತೆ ಬದುಕಿದ್ದಿದ್ದರೆ ಅವರೂ ಕೈಮುಗಿಯುತ್ತಿದ್ದರು.

ಮಾವ ವಿಷ್ಣುತೀರ್ಥರು ರೈಲ್ವೆಯ ಬುಕಿಂಗ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಧಾರವಾಡದ ಕಡೆಯವರು, ಆದರೆ ತಾಂಬರಂನಲ್ಲೇ ತಲೆ ನೆರೆಯಿತು. ಅದಕ್ಕೆ ಎರಡು ವರ್ಷ ಹಿಂದೆ ಗಂಟಲಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಜೀವ ಉಳಿಯಿತು, ಮಾತು ಹೋಯಿತು. ಕುತ್ತಿಗೆಯ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಪಾಟಿಯ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತ, ಓದುವವರು ಕನ್ನಡಕ ಹುಡುಕುವಷ್ಟರಲ್ಲಿ ಸಿಟ್ಟಾಗಿ ಅಳಿಸಿಬಿಡುತ್ತ ಕೆಲವು ತಿಂಗಳು ಕಳೆದರು.

ನ್ಯಾಯವಾಗಿ ಹೇಳಬೇಕೆಂದರೆ, ಅವರಿಗೆ ಮತ್ತೆ ಮಾತು ತಂದುಕೊಟ್ಟವನೂ ಈ ಅಳಿಯನೇ. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಮನ್ನು ಎಲ್ಲಿಂದಲೋ ಹುಡುಕಿ ಹಳೆಯ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ. ಅದನ್ನು ಮಾಡಿದ ಪರದೇಶದ ಸಣ್ಣ ಕಂಪನಿ ಆಮೇಲೆ ಬಾಗಿಲು ಹಾಕಿತು. ಅದಕ್ಕೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ಆದರೆ ವಿಷ್ಣುತೀರ್ಥರು ಬಿಡುವ ಆಸಾಮಿಯಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿ, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಅದರ ಬಾಯಿ ತಿದ್ದಿ ತಿದ್ದಿ, ಕೊನೆಗೆ ಬ್ರಿಟಿಷ್ ಕಲೆಕ್ಟರನೊಬ್ಬ ಧಾರವಾಡದ ಕನ್ನಡ ಮಾತಾಡಿದ ಹಾಗೆ ಮಾತಾಡಿಸಿಯೇಬಿಟ್ಟರು. ಮನೆಯವರು ಆ ಧ್ವನಿಗೆ 'ದೊರೆ' ಎಂದು ಹೆಸರಿಟ್ಟರು. "ಗೋದಾ, ಚಹಾಕ್ಕ ಸಕ್ಕರಿ ಕಡಿಮಿ ಬಿದ್ದದ" ಎಂದು ದೊರೆ ಹೇಳಿದರೆ ಸಕ್ಕರೆ ಡಬ್ಬಿ ಹಿಡಿದು ಬರುತ್ತಿದ್ದ ಗೋದಾಬಾಯಿ ನಗು ತಡೆಯಲಾಗದೆ ಅರ್ಧ ಸಕ್ಕರೆ ನೆಲಕ್ಕೆ ಚೆಲ್ಲುತ್ತಿದ್ದರು.

ಆ ವರ್ಷ ಎರಡನೆಯ ಮಗಳು ನೇಹಾಳಿಗೆ ಹೊಸಪೇಟೆಯ ಸಂಬಂಧ ಕುದುರಿತು. ಹುಡುಗ ಮೋಹನ್ ಚೆನ್ನೈನಲ್ಲೇ ಬ್ಯಾಂಕಿನಲ್ಲಿದ್ದ. ನಿಶ್ಚಯಕ್ಕೆ ಒಂದು ಭಾನುವಾರ ಗೊತ್ತಾಯಿತು. ವಿಷ್ಣುತೀರ್ಥರ ಮನೆತನದಲ್ಲಿ ನಿಶ್ಚಯದ ದಿನ ಪುರೋಹಿತರ ಮಂತ್ರ ಮುಗಿದ ಮೇಲೆ ಹುಡುಗಿಯ ಅಪ್ಪ ಎಲ್ಲರೆದುರು ತನ್ನ ಬಾಯಿಂದಲೇ 'ನಮ್ಮ ಹುಡುಗಿಯನ್ನು ನಿಮ್ಮ ಹುಡುಗನಿಗೆ ಕೊಡುತ್ತೇವೆ' ಎಂದು ಮೂರು ಸಲ ಹೇಳಬೇಕು. ಅದೇ ಮಾತು ಕೊಡುವುದು. ತಾಂಬೂಲ, ಸೀರೆ ಎಲ್ಲ ಅದರ ನಂತರ. ಶಾಲಿನಿಯ ನಿಶ್ಚಯದಲ್ಲಿ ವಿಷ್ಣುತೀರ್ಥರು ಆ ಮಾತನ್ನು ಕಂಚಿನಂಥ ಕಂಠದಲ್ಲಿ ಹೇಳಿದ್ದರು. ಈ ಸಲ ಪುರೋಹಿತರು "ನಿಮ್ಮ ತಮ್ಮಂದಿರು ಯಾರಾದ್ರೂ ಹೇಳಬಹುದಲ್ಲಾ" ಎಂದು ಸಲಹೆ ಕೊಟ್ಟಾಗ ಅವರು ಕುರ್ಚಿ ಎಳೆದು ಕೂತು ಟೈಪ್ ಮಾಡಿದರು.

"ನೇಹಾನ ಮಾತು ನಾನ ಕೊಡಾಂವ," ಎಂದಿತು ದೊರೆ.

ಪುರೋಹಿತರು ಬೆಚ್ಚಿ, ಆಮೇಲೆ ನಕ್ಕು, ಆಗಲಿ ಎಂದರು. ಶಾಸ್ತ್ರದಲ್ಲಿ ಬಾಯಿಂದ ಎಂದಿದೆಯೇ ಹೊರತು ಯಾರ ಬಾಯಿಂದ ಎಂದಿಲ್ಲವಂತೆ.

ಇಷ್ಟಾದ ಮೇಲೆ ಮುರಳೀಧರ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಅವನಿಗೆ ಉಮೇದು ಬಂತು. ಹಳೆಯ ಕಂಪ್ಯೂಟರಿನ ಫ್ಯಾನು ಗೊರಗೊರ ಎನ್ನುತ್ತದೆ, ಬೀಗರೆದುರು ಅದೆಂಥ ಶಬ್ದ ಎಂದು ಅದನ್ನು ರಿಚಿ ಸ್ಟ್ರೀಟಿನ ಅಂಗಡಿಗೆ ಕೊಟ್ಟು ಹೊಸದನ್ನು ತಂದ. ಅರವತ್ತನಾಲ್ಕು ಬಿಟ್‌ನ ಹೊಸ ಪ್ರೊಸೆಸರ್. ಅದನ್ನು ನಡೆಸುವ ತಂತ್ರಾಂಶವೆಂದು ತನ್ನ ಮೆಚ್ಚಿನ ಜೆಂಟೂ ಲಿನಕ್ಸ್ ಹಾಕಿದ. ಬೇರೆ ಲಿನಕ್ಸುಗಳಲ್ಲಿ ಸಿದ್ಧವಾಗಿರುವ ಪ್ರೋಗ್ರಾಮು ತಂದು ಹಾಕಿಕೊಂಡರೆ ಮುಗಿಯಿತು. ಜೆಂಟೂದಲ್ಲಿ ಹಾಗಲ್ಲ. ಪ್ರತಿಯೊಂದರ ಮೂಲ ಸಂಕೇತ ತಂದು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಿಕೊಳ್ಳಬೇಕು. ಪೇಟೆಯಲ್ಲಿ ಸಾರಿನ ಪುಡಿ ಸಿಗುತ್ತದೆಂದು ಗೊತ್ತಿದ್ದೂ ಮನೆಯಲ್ಲೇ ಹುರಿದು ಕುಟ್ಟುವವರ ಜಾತಿ ಇದು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಪರದೆಯ ಮೇಲೆ ಸಾಲುಗಳು ಹರಿಯುತ್ತಲೇ ಇರುತ್ತವೆ. ಪೆರುಂಗುಡಿಯ ಸಾಫ್ಟ್‌ವೇರ್ ಆಫೀಸಿನಲ್ಲಿ ಮುರಳೀಧರನಿಗಿದ್ದ ದೊಡ್ಡಸ್ತಿಕೆಯೆಲ್ಲ ಆ ಸಾಲುಗಳದ್ದೇ.

ಹಾಕುವಾಗ ಜೆಂಟೂ ಅವನನ್ನು ಒಂದು ಪ್ರಶ್ನೆ ಕೇಳಿತು. ಹಳೆಯ ಪ್ರೋಗ್ರಾಮುಗಳೆಲ್ಲ ಹಿಂದಿನ ಪೀಳಿಗೆಯ ಮೂವತ್ತೆರಡು ಬಿಟ್‌ನವು. ಅವು ನಡೆಯಬೇಕಾದರೆ ಅವಕ್ಕೆ ಆಸರೆಯಾದ ಕಡತಗಳನ್ನೂ, ಅಂದರೆ ಮೂವತ್ತೆರಡರ ಲೈಬ್ರರಿಗಳನ್ನೂ, ಅರವತ್ತನಾಲ್ಕರ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಎರಡೂ ಇರಲೋ, ಒಂದೇ ಸಾಕೋ? ಒಂದೇ ಎಂದು ಆರಿಸಿಕೊಂಡವರು ಆಮೇಲೆ ಮನಸ್ಸು ಬದಲಾಯಿಸಿದರೆ ದಾರಿಯಿಲ್ಲ, ಎಲ್ಲ ಅಳಿಸಿ ಮೊದಲಿನಿಂದ ಹಾಕಬೇಕು ಎಂಬ ಎಚ್ಚರಿಕೆಯೂ ಅಲ್ಲೇ ಇತ್ತು. ಮುರಳೀಧರ ಅದನ್ನು ಓದಿದ. ಓದಿ ಖುಷಿಪಟ್ಟ. ಹೊಸ ಮನೆಗೆ ಹಳೆಯ ಕಸ ಯಾಕೆ ಎಂದುಕೊಂಡು ಶುದ್ಧ ಅರವತ್ತನಾಲ್ಕನ್ನೇ ಆರಿಸಿದ. ಮಡಿ ಎಂದರೆ ಬೇರೆ ಏನು? ದಿನವಿಡೀ ಟೈಪ್ ಮಾಡಿ ಚಹಾ ಕೇಳುವ ಮುದುಕರಿಗೆ ಈ ಶುದ್ಧಿಯಿಂದ ಏನು ಲಾಭ ಎಂಬ ಯೋಚನೆ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ.

ನಿಶ್ಚಯಕ್ಕೆ ಒಂದು ವಾರ ಮುಂಚೆ ಹೊಸ ಕಂಪ್ಯೂಟರ್ ತಾಂಬರಂ ಮನೆಯ ಹಾಲಿನ ಮೂಲೆಯಲ್ಲಿ ಕೂತಿತು. ಗೋದಾಬಾಯಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ವಿಷ್ಣುತೀರ್ಥರು ಮೂಗುದಾರ ಹಾಕಿದ ಹೋರಿಯ ಹಾಗೆ ನಿಶ್ಶಬ್ದವಾಗಿದ್ದ ಫ್ಯಾನನ್ನು ಮೆಚ್ಚಿ, ಕುರ್ಚಿಯಲ್ಲಿ ಕೂತು, ಅಳಿಯನ ಕಡೆ ನೋಡಿದರು. ಮುರಳೀಧರ ಹಳೆಯ ಡಿಸ್ಕಿನಿಂದ ತಂದಿದ್ದ ದೊರೆಯ ಪ್ರೋಗ್ರಾಮನ್ನು ಕರೆದ.

'ಅಂಥ ಫೈಲ್ ಇಲ್ಲ' ಎಂದು ಉತ್ತರ ಬಂತು.

ಫೈಲ್ ಕಣ್ಣೆದುರೇ ಇತ್ತು. ಹೆಸರು ಸರಿ, ಜಾಗ ಸರಿ. ಇನ್ನೊಮ್ಮೆ ಕರೆದ. ಅಂಥ ಫೈಲ್ ಇಲ್ಲ. ಮೂರನೆಯ ಸಲ ಕರೆಯುವ ಹೊತ್ತಿಗೆ ಅವನಿಗೆ ಅರ್ಥವಾಗಿಹೋಗಿತ್ತು. ದೊರೆ ಮೂವತ್ತೆರಡರವನು. ಅವನನ್ನು ಒಳಗೆ ಕರೆದುಕೊಳ್ಳುವ ಲೈಬ್ರರಿಯೇ ಈ ಮನೆಯಲ್ಲಿಲ್ಲ. ಕಂಪನಿ ಮುಚ್ಚಿದ್ದರಿಂದ ಅವನ ಮೂಲ ಸಂಕೇತವೂ ಸಿಗುವಂತಿಲ್ಲ, ಹೊಸದಾಗಿ ಕಂಪೈಲ್ ಮಾಡುವ ಮಾತೇ ಇಲ್ಲ. ಮುರಳೀಧರನ ಕಿವಿಗಳು ಬಿಸಿಯಾದವು. ಹಿಂದೆ ಮಾವ, ಅತ್ತೆ, ಹೆಂಡತಿ, ನಾದಿನಿ ಎಲ್ಲರೂ ನಿಂತಿದ್ದರು.

"ಏನಾತ್ರಿ?" ಎಂದರು ಗೋದಾಬಾಯಿ.

"ಏನಿಲ್ಲ ಅತ್ತೆ, ಒಂದೆರಡು ಲೈಬ್ರರಿ ಕಂಪೈಲ್ ಆಗ್ಬೇಕು. ನಾಳೆ ಹೊತ್ತಿಗೆ ಸರಿಹೋಗತ್ತೆ."

ಇಷ್ಟು ಹೇಳಿ ಏನೋ ಒಂದನ್ನು ಕಂಪೈಲಿಗೆ ಹಾಕಿದ. ಸಾಲುಗಳು ಹರಿಯತೊಡಗಿದವು. "ನಡೀತಾ ಇರೋವಾಗ ಯಾರೂ ಮುಟ್ಬೇಡಿ," ಎಂದೂ ಸೇರಿಸಿದ. ಆ ಮಾತು ಆ ಮನೆಯಲ್ಲಿ ಎಲ್ಲರಿಗೂ ಚೆನ್ನಾಗಿ ಗೊತ್ತಿದ್ದದ್ದೇ. ಯಾರೂ ಮುಟ್ಟಲಿಲ್ಲ.

ಮರುದಿನದಿಂದ ಮುರಳೀಧರ ಆಫೀಸು ಬಿಟ್ಟವನೇ ಬಸ್ಸು ಹಿಡಿದು ತಾಂಬರಂಗೆ ಬರತೊಡಗಿದ. ಮೂವತ್ತೆರಡರ ಲೈಬ್ರರಿಯನ್ನು ಕಂಪೈಲ್ ಮಾಡಲು ಮೂವತ್ತೆರಡು ಬಲ್ಲ ಕಂಪೈಲರ್ ಬೇಕು. ಆ ಕಂಪೈಲರನ್ನು ಕಂಪೈಲ್ ಮಾಡಲು ಮೊದಲೇ ಆ ಲೈಬ್ರರಿ ಇರಬೇಕು. ಗಾಣದ ಎತ್ತಿನಂತೆ ಅವನು ಇದನ್ನೇ ಸುತ್ತಿದ. ಎಲ್ಲ ಅಳಿಸಿ ಮೊದಲಿನಿಂದ ಹಾಕಬಹುದಿತ್ತು, ಆದರೆ ಅದು ಎಲ್ಲರೆದುರು ತಪ್ಪು ಒಪ್ಪಿಕೊಂಡಂತೆ. ಎಲ್ಲಿಂದಲೋ ಸಿದ್ಧ ಲೈಬ್ರರಿಗಳನ್ನು ಇಳಿಸಿಕೊಂಡು ತುರುಕಿ ನೋಡಿದ, ಒಂದಕ್ಕೊಂದು ಹೊಂದಲಿಲ್ಲ. ಪ್ರತಿಸಲವೂ ತಾಸುಗಟ್ಟಲೆ ಸಾಲು ಹರಿದು ಕೊನೆಗೆ ಒಂದು ತಪ್ಪಿನಲ್ಲಿ ನಿಲ್ಲುತ್ತಿತ್ತು. ತಕ್ಷಣ ಅವನು ಇನ್ನೇನನ್ನಾದರೂ ಶುರುಮಾಡುತ್ತಿದ್ದ. ಸಾಲುಗಳು ಹರಿಯುತ್ತಿರುವವರೆಗೆ ಮರ್ಯಾದೆ ಉಳಿದಿರುತ್ತಿತ್ತು.

ಆ ಮನೆಯಲ್ಲಿ ಅಳಿಯನಿಗೆ ಎದುರು ಮಾತಾಡುವ ರೂಢಿಯೇ ಇಲ್ಲ. ಅಳಿಯಂದಿರು ಸಾರಿಗೆ ಉಪ್ಪು ಜಾಸ್ತಿ ಎಂದರೆ ಜಾಸ್ತಿ, ಕಡಿಮೆ ಎಂದರೆ ಕಡಿಮೆ. "ಪಾಪ, ದಣದು ಬರ್ತಾರ, ನಮ್ಮ ಸಲುವಾಗಿ ಎಷ್ಟು ಒದ್ದಾಡ್ತಾರ," ಎನ್ನುತ್ತ ಗೋದಾಬಾಯಿ ದಿನಕ್ಕೊಂದು ತಿಂಡಿ ಮಾಡಿಡುತ್ತಿದ್ದರು. ನೇಹಾ ಕಾಲೇಜಿನಿಂದ ಬಂದವಳು ಪರದೆ ನೋಡಿ ತಮಿಳಿನಲ್ಲಿ "ಇನ್ನುಂ ಓಡುದಾ?", ಇನ್ನೂ ಓಡುತ್ತಿದೆಯಾ ಎಂದು ಅಚ್ಚರಿಪಟ್ಟು ಒಳಗೆ ಹೋಗುತ್ತಿದ್ದಳು. ವಿಷ್ಣುತೀರ್ಥರು ಕುರ್ಚಿ ಎಳೆದುಕೊಂಡು ಸಾಲುಗಳನ್ನೇ ನೋಡುತ್ತ ಕೂರುತ್ತಿದ್ದರು. ಪಾಟಿ ಮತ್ತೆ ಹೊರಬಂದಿತ್ತು. ಆದರೆ ಯಾವಾಗ ಎಂದು ಅವರು ಅದರ ಮೇಲೆ ಒಮ್ಮೆಯೂ ಬರೆಯಲಿಲ್ಲ. ಬರೆದಿದ್ದರೆ ಮುರಳೀಧರನಿಗೆ ಸ್ವಲ್ಪ ಉಸಿರಾಡಲಾದರೂ ಆಗುತ್ತಿತ್ತು. ಗೋದಾಬಾಯಿ ಬಡಿಸಿದ ಹೋಳಿಗೆಯನ್ನು ಅವನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ನಾಚಿಕೆಯಾಗುತ್ತಿತ್ತು. ನಾಚಿಕೆಯಾದಷ್ಟೂ ಇನ್ನೊಂದು ಸುಳ್ಳು ಹೇಳುತ್ತಿದ್ದ.

ಶಾಲಿನಿಗೆ ಗುಮಾನಿ ಬಂದದ್ದು ಬುಧವಾರ. ತಾಂಬರಂನಿಂದ ತಮ್ಮ ಮನೆಗೆ ಹೋಗುವ ದಾರಿಯಲ್ಲಿ ಹಿಡಿದು ಕೇಳಿದಳು. ಅವನು ಹೇಳಿದ, ಅರ್ಧ.

"ಆ ಮೂವತ್ತೆರಡು ಯಾಕ ತಗದ್ರಿ?"

"ಹಳೇ ಕಸ ಅಲ್ವಾ ಅದು. ಕ್ಲೀನಾಗಿರ್ಲಿ ಅಂತ."

"ಅಪ್ಪನ ಮಾತು ಆ ಕಸದಾಗ ಇತ್ತಲ್ರೀ."

ಗೋದಾಬಾಯಿಯ ಮಡಿಗೂ ಒಂದು ಧಾಬಳಿ ಇದೆ. ಒಗೆದ ಬಟ್ಟೆ ಒಣಗದ ದಿನ ಆ ಉಣ್ಣೆ ಬಟ್ಟೆ ಉಟ್ಟರೆ ನಡೆಯುತ್ತದೆ, ದೇವರು ಬೇಡ ಎನ್ನುವುದಿಲ್ಲ. ಅಳಿಯನ ಮಡಿಗೆ ಅಷ್ಟು ಸಡಿಲವೂ ಇರಲಿಲ್ಲ. ಆದರೂ ಶಾಲಿನಿ ತವರಿನಲ್ಲಿ ಬಾಯಿ ಬಿಡಲಿಲ್ಲ. ಗಂಡನನ್ನು ಅಪ್ಪನೆದುರು ಸಣ್ಣವನನ್ನಾಗಿ ಮಾಡಲು ಅವಳಿಗೂ ನಾಚಿಕೆಯೇ.

ಮರುದಿನ ಆಫೀಸಿನಲ್ಲಿ ಅಜಯ್ ಇವನ ಮುಖ ನೋಡಿ ವಿಷಯ ಕಕ್ಕಿಸಿದ. ಅಜಯ್ ಮೂರು ತಲೆಮಾರಿನಿಂದ ಚೆನ್ನೈನಲ್ಲೇ ಇರುವ ಕನ್ನಡದವನು, ಇವನ ಜೆಂಟೂ ಬಡಾಯಿಯನ್ನು ದಿನವೂ ಗೇಲಿ ಮಾಡುವವನು. ಕೇಳಿ ಮೇಜು ಕುಟ್ಟಿ ನಕ್ಕ.

"ಡೇಯ್ ಮುರಳಿ, ಮಾವನ್ ವಾಯ್ಸನ್ನೇ ತೂಕ್ಕಿ ಎಸೆದ್ಬಿಟ್ಯಾ? ಸರಿ ಬಿಡು. ನನ್ ಲ್ಯಾಪ್‌ಟಾಪ್ ಹಳೇದು ತಾನೆ, ಥರ್ಟಿಟೂ ಬಿಟ್. ಈಗ್ಲೇ ತಗೊಂಡ್ ಹೋಗು. ಆ ಪ್ರೋಗ್ರಾಂ ಹಾಕಿದ್ರೆ ಹತ್ತು ನಿಮಿಷದಲ್ಲಿ ಮಾತಾಡತ್ತೆ. ಸಂಡೇ ಮುಗಿದ್ಮೇಲೆ ವಾಪಸ್ ಕೊಡು."

ಲ್ಯಾಪ್‌ಟಾಪಿನ ಚೀಲವನ್ನು ಇವನ ಕುರ್ಚಿಯ ಪಕ್ಕದಲ್ಲಿ ಇಟ್ಟೇಬಿಟ್ಟ. ಮುರಳೀಧರ ಅದರ ಪಟ್ಟಿಯನ್ನು ಹಿಡಿದದ್ದೂ ನಿಜ. ಆದರೆ ಅದನ್ನು ತಾಂಬರಂಗೆ ಒಯ್ದರೆ, ಇದರಲ್ಲಿ ಮಾತು ಬರುವುದಾದರೆ ಅದರಲ್ಲಿ ಯಾಕೆ ಬರುತ್ತಿಲ್ಲ ಎಂದು ಮಾವ ಕೇಳುತ್ತಾರೆ. ವಾರವೆಲ್ಲ ಹರಿದ ಸಾಲುಗಳು ಏನು ಎನ್ನುತ್ತಾರೆ. ಇತ್ತ ಅಜಯ್ ಸೋಮವಾರ ಇಡೀ ಆಫೀಸಿಗೆ ಕತೆ ಮಾಡಿ ಹೇಳುತ್ತಾನೆ.

"ಬೇಡ ಬಿಡೋ, ಇವತ್ತು ಆಗ್ಬಿಡತ್ತೆ. ಹತ್ತಿರ ಬಂದಿದೀನಿ," ಎಂದ.

ಹತ್ತಿರ ಬಂದಿರಲಿಲ್ಲ. ಅವನಿಗೂ ಅದು ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಬೀಗರು ರೈಲಿಳಿದು ಬಂದರು. ಹಾಲಿನ ತುಂಬ ಜಮಖಾನೆ, ಮಲ್ಲಿಗೆಯ ಘಮ. ಮೂಲೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಸಾಲುಗಳು ಹರಿಯುತ್ತಿದ್ದವು. ಮುರಳೀಧರ ಆ ಬೆಳಿಗ್ಗೆ ಬಂದವನೇ ಏನೂ ಉಪಯೋಗವಿಲ್ಲದ ಪ್ರೋಗ್ರಾಮುಗಳ ದೊಡ್ಡ ಕಟ್ಟೊಂದನ್ನು ಕಂಪೈಲಿಗೆ ಹಾಕಿದ್ದ, ಖಾಲಿ ಪರದೆ ಕಾಣದಿರಲೆಂದು.

"ಅದೇನ್ರೀ ಅದು, ಒಂದೇ ಸಮ ಓಡ್ಲಿಕ್ಕತ್ತದಲ್ಲಾ?" ಎಂದರು ಮೋಹನನ ತಂದೆ.

"ನಮ್ಮ ಅಳಿಯಂದಿರು ಇವರ ಧ್ವನಿ ರಿಪೇರಿ ಮಾಡ್ಲಿಕ್ಕತ್ತಾರ್ರಿ," ಎಂದರು ಗೋದಾಬಾಯಿ, ಹೆಮ್ಮೆಯಿಂದ.

ಪುರೋಹಿತರ ಮಂತ್ರ ಮುಗಿಯಿತು. "ಇನ್ನ ಮಾತು ಕೊಡ್ರಿ," ಎಂದರು. ವಿಷ್ಣುತೀರ್ಥರು ಅಳಿಯನ ಕಡೆ ನೋಡಿದರು. ಹುಬ್ಬು ಮೇಲೇರಿಸಿ, ಆಯಿತೇ ಎಂದು ಕೇಳಿದರು. ಮುರಳೀಧರ ತಲೆ ತಗ್ಗಿಸಿ, "ಇಲ್ಲ ಮಾವ, ಇನ್ನೂ ಸ್ವಲ್ಪ..." ಎಂದ.

ಅವರು ಜುಬ್ಬದ ಜೇಬಿನಿಂದ ಮಡಿಚಿದ ಹಾಳೆಯೊಂದನ್ನು ತೆಗೆದು ಅಳಿಯನ ಕೈಗಿಟ್ಟು, ಹೇಳು ಎಂಬಂತೆ ಎರಡೂ ಕೈ ಜೋಡಿಸಿದರು. ಜೋಡಿಸಿದ್ದು ಅಳಿಯನಿಗೆ.

ಹಾಳೆಯಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡವಿತ್ತು. ದೊರೆಗೆಂದು ಬರೆದದ್ದು. ಅವನ ಬಾಯಿ ತೊಡರದಿರಲೆಂದು ಕೆಲವು ಅಕ್ಷರಗಳನ್ನು ಎರಡೆರಡು ಸಲ ಬರೆದಿದ್ದರು, ಹೊಡೆದು ಮತ್ತೆ ಬರೆದಿದ್ದರು. ಅವಸರ ಮಾಡದಿರಲೆಂದು ನಡುನಡುವೆ ಅಲ್ಪವಿರಾಮ ಹಾಕಿದ್ದರು. ಯಂತ್ರ ಮೂಕವಾಗಿದ್ದ ಆ ವಾರವೆಲ್ಲ, ಅದು ಸರಿಯಾದ ಕೂಡಲೇ ಹೇಳಿಸಬೇಕೆಂದು, ಅವರು ಕೂತು ತಿದ್ದಿದ್ದ ಮಾತು ಅದು.

ಮುರಳೀಧರ ಎದ್ದು ನಿಂತು ಓದಿದ. "ಧಾರವಾಡದ ವಿಷ್ಣುತೀರ್ಥನಾದ ನಾನು, ನನ್ನ ಮಗಳು ನೇಹಾಳನ್ನು, ನಿಮ್ಮ ಮಗ ಮೋಹನನಿಗೆ, ಸಂತೋಷದಿಂದ ಕೊಡುತ್ತೇನೆ." ನಾನು ಎನ್ನುವಲ್ಲಿ ಅವನ ಧ್ವನಿ ಒಡೆಯಿತು. ಕೂತಿದ್ದವರು ಅದನ್ನು ಪ್ರೀತಿ ಎಂದುಕೊಂಡರು. ಎರಡನೆಯ ಸಲ ಓದುವಾಗ ಕಣ್ಣೆತ್ತಿ ನೋಡಿದ. ವಿಷ್ಣುತೀರ್ಥರ ತುಟಿಗಳೂ ಅವನ ಜೊತೆಗೇ ಆಡುತ್ತಿದ್ದವು. ಮೂರನೆಯ ಸಲ ಅವನು ಹಾಳೆಯಿಂದ ಕಣ್ಣು ಎತ್ತಲಿಲ್ಲ.

ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಅಳಿಯನದೇ ಮಾತು. "ಅಳಿಯ ಅಲ್ರೀ ಇಂವಾ, ಮಗನ ಸಿಕ್ಕಾನ ನಿಮಗ," ಎಂದರು ಬೀಗರು. ವಿಷ್ಣುತೀರ್ಥರು ಹೌದೆಂದು ತಲೆಯಾಡಿಸಿ ಮುರಳೀಧರನ ಬೆನ್ನು ತಟ್ಟಿದರು. ಹೊಡೆದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಇದನ್ನು ತಾಳಿಕೊಳ್ಳಲು ಆಗಲಿಲ್ಲ.

ಬೀಗರು ಸಂಜೆಯ ರೈಲಿಗೆ ಹೊರಟುಹೋದರು. ಗೋದಾಬಾಯಿ ಒಳಗೆ ಪಾತ್ರೆ ತೊಳೆಯಲು ಕೂತರು. ಹಾಲಿನಲ್ಲಿ ಶಾಲಿನಿ, ನೇಹಾ ಜಮಖಾನೆ ಮಡಿಚುತ್ತಿದ್ದರು. ಮುರಳೀಧರ ಮಾವನೆದುರು ನಿಂತು ಎಲ್ಲವನ್ನೂ ಹೇಳಿಬಿಟ್ಟ. ಅದು ರಿಪೇರಿ ಅಲ್ಲ, ಸುಮ್ಮನೆ ಸಾಲು ಓಡುತ್ತಿವೆ. ತನ್ನ ಕೈಯಾರೆ ಕೆಡಿಸಿದ್ದು. ಮೊದಲ ದಿನವೇ ಗೊತ್ತಾಗಿತ್ತು. ಗುರುವಾರ ಗೆಳೆಯ ಲ್ಯಾಪ್‌ಟಾಪ್ ಕೊಡಲು ಬಂದಿದ್ದ. ತಂದಿದ್ದರೆ ನೀವೇ ಮಾತು ಕೊಡುತ್ತಿದ್ದಿರಿ. ಗೆಳೆಯನ ನಗೆ, ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳಲು ನಾಚಿಕೆಯಾಗಿ ತರಲಿಲ್ಲ.

ಲ್ಯಾಪ್‌ಟಾಪಿನ ಸಂಗತಿ ಶಾಲಿನಿಗೂ ಗೊತ್ತಿರಲಿಲ್ಲ. ಅವಳ ಕೈಯಿಂದ ಜಮಖಾನೆಯ ತುದಿ ಜಾರಿತು.

ವಿಷ್ಣುತೀರ್ಥರ ಮುಖ ಕೆಂಪಾಯಿತು. ಬಾಯಿ ತೆರೆದರು. ಕುತ್ತಿಗೆಯ ಬಟ್ಟೆ ಉಬ್ಬಿ ಬರೀ ಗಾಳಿ ಬಂತು. ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತು, ಸಾಲುಗಳ ಕಡೆ ಬೆರಳು ತೋರಿಸಿದರು. ಮುರಳೀಧರ ಅವನ್ನು ನಿಲ್ಲಿಸಿ ಬರೆಯಲು ಖಾಲಿ ಕಿಟಕಿಯೊಂದನ್ನು ತೆರೆದುಕೊಟ್ಟ. ಅವರು ಟೈಪ್ ಮಾಡತೊಡಗಿದರು. ಕೀಲಿಗಳು ಮುರಿಯುವಂತೆ ಕುಟ್ಟಿದರು. ಮುರಳೀಧರ ಹಿಂದೆ ನಿಂತು ಬಗ್ಗಿ ಓದುತ್ತಿದ್ದ, ಮನಸ್ಸಿನಲ್ಲೇ. ಅವರು ನಿಲ್ಲಿಸಿ, ತಿರುಗಿ, ಮೊದಲು ಪರದೆಯನ್ನು, ಆಮೇಲೆ ಅವನ ಬಾಯನ್ನು ತೋರಿಸಿದರು.

ಅವನಿಗೆ ತಿಳಿಯಿತು. ಹೆಂಡತಿ, ನಾದಿನಿ ಇಬ್ಬರೂ ನೋಡುತ್ತಿದ್ದರು. ಓದಿದ.

"ಅಳಿಯಂದಿರೇ. ಧ್ವನಿ ತಂದು ಕೊಟ್ಟವರು ನೀವು. ಕೈ ತಪ್ಪಿ ಕೆಡಿಸಿದ್ದಕ್ಕ ನಾ ಒಂದು ಮಾತು ಅಂತಿದ್ದಿಲ್ಲ."

ಮುಂದಿನ ಸಾಲು ಮೂಡುವವರೆಗೆ ಕಾದ.

"ನಾಳೆ ಆಗ್ತದ ಅಂದ್ರಿ. ದಿನಾ ನಂಬಿ ಅದರ ಮುಂದ ಕೂತೆ. ನಿಮ್ಮ ಗೆಳ್ಯಾ ನಗಬಾರದಂತ ನನ್ನ ಮೂಕ ಮಾಡಿ ಕೂಡಿಸಿದ್ರಿ."

ಅವನು ಓದಿ ಮುಗಿಸುವವರೆಗೆ ವಿಷ್ಣುತೀರ್ಥರು ಕಾದರು. ಆಮೇಲೆ ಮೆಲ್ಲಗೆ, ಒಂದೊಂದೇ ಬೆರಳಲ್ಲಿ, ಇನ್ನೊಂದು ಸಾಲು ಒತ್ತಿದರು.

"ಮಾತು ಕೊಡ್ಲಿಕ್ಕೆ ನನಗ ಇನ್ನೊಬ್ಬ ಮಗಳಿಲ್ಲ," ಎಂದು ಓದಿದ ಮುರಳೀಧರ. ಪಿಸುಗುಟ್ಟಿದಷ್ಟೇ ಕೇಳಿಸಿತು. ನೇಹಾ ಮುಖ ತಿರುಗಿಸಿಕೊಂಡಳು.

ಮಾವ ಅವನನ್ನೊಮ್ಮೆ ನೋಡಿ ಮತ್ತೆ ಕೀಲಿಗಳ ಮೇಲೆ ಬಾಗಿದರು. ಹೊಸ ಸಾಲು ಮೂಡಿತು. ಮುರಳೀಧರ ನೆಟ್ಟಗೆ ನಿಂತು, ಆ ಮನೆಯಲ್ಲಿ ಇದುವರೆಗೆ ಯಾರೂ ಅಳಿಯನೊಂದಿಗೆ ಮಾತಾಡದ ದನಿಯಲ್ಲಿ, ಅದನ್ನೂ ಓದಿದ.

"ಜೋರಾಗಿ ಓದ್ರಿ. ಅಡಿಗಿಮನಿಯಾಗ ನಿಮ್ಮ ಅತ್ತಿಯವರಿಗೆ ಕೇಳ್ಸವಲ್ಲದು."

ಒಳಗೆ ಪಾತ್ರೆಯ ಸದ್ದು ನಿಂತಿತು. ಅವನು ಮೊದಲ ಸಾಲಿನಿಂದ ಮತ್ತೆ ಶುರುಮಾಡಿದ.